ಕಪ್ಪು ಶಿಲೀಂಧ್ರ: ಮೊದಲ ಪರೀಕ್ಷೆ ತಾಲ್ಲೂಕಿನಲ್ಲೇ ಆಗಲಿ



2021ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಕಪ್ಪು ಶಿಲೀಂಧ್ರವನ್ನು ಅಧಿಸೂಚಿತ ಕಾಯಿಲೆ ಎಂದು ಸಾರಿತು. ಚಿಕಿತ್ಸೆಗೆ ಗುರುತಿಸಿದ ಆಸ್ಪತ್ರೆಗಳಲ್ಲಿ ಕಲಬುರಗಿಯ ಜಿಮ್ಸ್ ಕೂಡ ಇತ್ತು. ಜುಲೈ ಹೊತ್ತಿಗೆ ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಪ್ರಕರಣ, 4,300ಕ್ಕೂ ಹೆಚ್ಚು ಸಾವು ಎಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತು. ಕೊರೊನಾ ಇಳಿಯಿತು, ಶಿಲೀಂಧ್ರದ ಮಾತೂ ನಿಂತಿತು. ಆಕ್ಷೇಪ ಇರುವುದು ಈ ಮರೆವಿಗೆ.

ಈ ಬೂಷ್ಟು ಕೋವಿಡ್‌ಗಿಂತ ಬಹಳ ಹಳೆಯದು. ಮಣ್ಣಿನಲ್ಲಿ, ಕೊಳೆತ ಕಸದಲ್ಲಿ ಇರುತ್ತದೆ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರ ಸೈನಸ್‌ನಲ್ಲಿ ಬೇರೂರಿತೆಂದರೆ ರಕ್ತನಾಳಗಳನ್ನೇ ಹೊಕ್ಕು ಮುಚ್ಚುತ್ತದೆ. ರಕ್ತ ಸಿಗದ ಮಾಂಸ ಕಪ್ಪಾಗಿ ಸಾಯುತ್ತದೆ. ಸೈನಸ್‌ಗೂ ಕಣ್ಣಿನ ಗೂಡಿಗೂ ನಡುವೆ ಇರುವುದು ಕಾಗದದಷ್ಟು ತೆಳು ಮೂಳೆ. ಅಲ್ಲಿಂದ ಮಿದುಳು ದೂರವಿಲ್ಲ. ದೇಶದ ಕಣ್ಣಿನ ವೈದ್ಯರು ಕೂಡಿ ಕೋವಿಡ್ ಕಾಲದ 2,826 ರೋಗಿಗಳನ್ನು ಅಧ್ಯಯನ ಮಾಡಿದಾಗ ಶೇ 87ರಷ್ಟು ಮಂದಿಗೆ ಸ್ಟಿರಾಯ್ಡ್ ಕೊಡಲಾಗಿತ್ತು, ಶೇ 78ರಷ್ಟು ಮಂದಿಗೆ ಸಕ್ಕರೆ ಕಾಯಿಲೆ ಇತ್ತು. ಕೋವಿಡ್ ಕಾಲದ ಸ್ಟಿರಾಯ್ಡ್ ಹೋಗಿರಬಹುದು, ಸಕ್ಕರೆ ಕಾಯಿಲೆ ಹೋಗಿಲ್ಲ.

ಆಳಂದ, ಅಫಜಲಪುರ, ಜೇವರ್ಗಿಯ ತೊಗರಿ ಹೊಲದಲ್ಲಿ ದುಡಿಯುವವರಿಗೆ ಒಂದು ಬದಿಯ ಕೆನ್ನೆ ಜೋಮು ಹಿಡಿದರೆ, ಮೂಗು ಕಟ್ಟಿದರೆ, ಹಲ್ಲು ಅಲುಗಿದರೆ ನೆಗಡಿಯ ಮಾತ್ರೆಯೇ ಮೊದಲ ಮದ್ದು. ರೆಪ್ಪೆ ಊದಿ ಎರಡೆರಡು ಕಾಣತೊಡಗಿದ ಮೇಲೆ ಕಲಬುರಗಿಯ ಬಸ್ಸು ಹತ್ತುತ್ತಾರೆ. ಗಡಿ ಹಳ್ಳಿಯವರು ಸೊಲ್ಲಾಪುರಕ್ಕೆ ಹೋಗುತ್ತಾರೆ. ಅಷ್ಟರಲ್ಲಿ ಕಳೆದ ದಿನಗಳೇ ಕಣ್ಣನ್ನು ಕಸಿಯುತ್ತವೆ. ತಡವಾದರೆ ಜೀವ ಉಳಿಸಲು ಕಣ್ಣುಗುಡ್ಡೆಯ ಜೊತೆ ಗೂಡಿನೊಳಗಿನದೆಲ್ಲವನ್ನೂ ತೆಗೆಯಬೇಕಾಗಬಹುದು. ಬೇಗ ಪತ್ತೆಯಾದ ಕೆಲವರಲ್ಲಿ ಕಣ್ಣಿನ ಹಿಂಭಾಗಕ್ಕೆ ಆಂಫೊಟೆರಿಸಿನ್ ಚುಚ್ಚಿ, ಸೈನಸ್ ಶಸ್ತ್ರಚಿಕಿತ್ಸೆಯನ್ನೂ ಮಾಡಿ ಕಣ್ಣು ಉಳಿಸಿಕೊಂಡದ್ದಿದೆ.

ಆ ಔಷಧ ಅಗ್ಗದ್ದಲ್ಲ. ಕಿಲೋಗೆ 5 ಮಿಲಿಗ್ರಾಂ ಲೆಕ್ಕದಲ್ಲಿ 60 ಕಿಲೋ ತೂಕದವರಿಗೆ ದಿನಕ್ಕೆ 50 ಮಿಲಿಗ್ರಾಂನ ಆರು ಸೀಸೆ ಲಿಪೊಸೋಮಲ್ ಆಂಫೊಟೆರಿಸಿನ್ ಬೇಕು, ಅದೂ ವಾರಗಟ್ಟಲೆ. ಕೂಲಿಯವರು ಅದನ್ನು ಎಲ್ಲಿಂದ ತಂದಾರು?

ದೊಡ್ಡ ಶಸ್ತ್ರಚಿಕಿತ್ಸೆ ತಾಲ್ಲೂಕಿನಲ್ಲೇ ಆಗಲಿ ಎಂದು ಯಾರೂ ಕೇಳುತ್ತಿಲ್ಲ. ಟಾರ್ಚ್ ಹಿಡಿದು ಅಂಗುಳ ನೋಡುವುದು, ರಕ್ತದ ಸಕ್ಕರೆ ಅಳೆಯುವುದು, ಮೂಗಿನ ಸ್ರಾವಕ್ಕೆ ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಸೂಕ್ಷ್ಮದರ್ಶಕದಡಿ ನೋಡುವುದು ಇಲ್ಲೇ ಆಗಬಹುದಾದ ಕೆಲಸ. ಕ್ಷಯದ ಕಫ ಪರೀಕ್ಷಿಸುವ ತಂತ್ರಜ್ಞರಿಗೆ ಇದನ್ನೂ ಕಲಿಸಬಹುದು. ಅನುಮಾನ ಬಂದವರನ್ನು ಅದೇ ದಿನ ಆಂಬುಲೆನ್ಸ್‌ನಲ್ಲಿ ಜಿಮ್ಸ್‌ಗೆ ಕಳಿಸುವ ಆದೇಶವನ್ನು ಆರೋಗ್ಯ ಇಲಾಖೆ ಮೂರೂ ತಾಲ್ಲೂಕುಗಳಿಗೆ ಹೊರಡಿಸಲಿ. ಔಷಧದ ದಾಸ್ತಾನು ಅಲ್ಲಿ ವರ್ಷವಿಡೀ ಇರಲಿ, ಬಡವರಿಗೆ ಉಚಿತವಾಗಿ ಸಿಗಲಿ.

– ಆಳಂದದ ಓದುಗರೊಬ್ಬರು