ಕೊರತೆ ಬುದ್ಧಿಯದಲ್ಲ

ಓದು ಬಾರದ ಮತದಾರರು ಸುಳ್ಳನ್ನು ಬೇಗ ನಂಬುತ್ತಾರೆ, ಆದ್ದರಿಂದ ಜನಮತಗಣನೆ ನಮ್ಮ ದೇಶಕ್ಕೆ ಒಗ್ಗದು ಎಂಬ ಇತ್ತೀಚಿನ ಲೇಖನದ ವಾದವನ್ನು ಹಡಗಲಿ ತಾಲ್ಲೂಕಿನ ಹೊಳಲಿನವನಾದ ನಾನು ಒಪ್ಪಲಾರೆ.

2016ರಲ್ಲಿ ಯುರೋಪಿಯನ್ ಒಕ್ಕೂಟ ಬಿಡುವ ಪ್ರಶ್ನೆಗೆ ಬ್ರಿಟನ್ ಮತ ಹಾಕಿತು. ಬಿಡಬೇಕು ಎನ್ನುವವರು ವಾರಕ್ಕೆ 35 ಕೋಟಿ ಪೌಂಡ್ ಒಕ್ಕೂಟದ ಪಾಲಾಗುತ್ತಿದೆ ಎಂದು ಬಸ್ಸಿನ ಮೇಲೆ ಬರೆಸಿ ಊರೂರು ಸುತ್ತಿಸಿದರು. ಆ ಅಂಕಿ ದಾರಿ ತಪ್ಪಿಸುವಂಥದ್ದು ಎಂದು ಅಲ್ಲಿನ ಅಂಕಿಅಂಶ ಪ್ರಾಧಿಕಾರ ಮತದಾನಕ್ಕೆ ಮೊದಲೇ ಹೇಳಿದರೂ ಪ್ರಚಾರ ನಿಲ್ಲಲಿಲ್ಲ. ಅದು ಮನೆಮಂದಿಯೆಲ್ಲ ಶಾಲೆ ಕಲಿತ ದೇಶ!

ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಂತೆ 12 ಗ್ರಾಮಸಭೆಗಳು ನಡೆದವು. ಸೇರಿದ ಡೋಂಗ್ರಿಯಾ ಕೊಂಧ ಆದಿವಾಸಿಗಳಲ್ಲಿ ಅಕ್ಷರ ಬಲ್ಲವರು ಕಡಿಮೆ. ಆದರೆ ಬೆಟ್ಟ ಅಗೆದರೆ ಹಳ್ಳದ ನೀರು ಏನಾಗುತ್ತದೆಂದು ಅವರಿಗೆ ಯಾರೂ ಕಲಿಸಬೇಕಿರಲಿಲ್ಲ. ಹನ್ನೆರಡೂ ಸಭೆಗಳು ಬಾಕ್ಸೈಟ್ ಗಣಿಗಾರಿಕೆ ಬೇಡ ಎಂದವು.

ನಮ್ಮ ಹಡಗಲಿ ತಾಲ್ಲೂಕು 1953ರಲ್ಲಿ ಮದ್ರಾಸಿನಿಂದ ಮೈಸೂರಿಗೆ, 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆಗೆ ಸೇರಿತು. ಎರಡೂ ನಿರ್ಧಾರ ಸರಿಯೇ ಇರಬಹುದು. ನಮ್ಮ ಮತವನ್ನಂತೂ ಕೇಳಲಿಲ್ಲ. ಸುಳ್ಳು ಹರಡುವವರನ್ನು ಬಿಟ್ಟು ಕೇಳುವವರ ಬುದ್ಧಿ ಅಳೆಯುವುದು ಅನ್ಯಾಯ. ಅಧಿಕಾರಿಗಳೇ, ಗ್ರಾಮಸಭೆಗೆ ಮುಂಚೆ ಕಾಗದಪತ್ರಗಳನ್ನು ಕನ್ನಡದಲ್ಲಿ ಕೊಡಿ, ಓದಿ ಹೇಳಿಸಿ, ಆಮೇಲೆ ಕೈ ಎತ್ತಿಸಿ.