ಕಾಣದ ಬದಿಯ ಕೆಲಸ

ಸಾಧನವು ನೆಟ್ಟಗಿಲ್ಲದಿದ್ದಾಗ ಬಳಸುವವನು ಮೊದಲು ದೂರುವುದು ತನ್ನ ಕೈಯನ್ನೇ. ಮೊಂಡ ಕುಡುಗೋಲು ಹಿಡಿದ ಎಳೆಯನು ತನಗೆ ಕೊಯ್ಲು ಬಾರದೆಂದು ತಿಳಿಯುತ್ತಾನೆ. ದೋಷವು ಕುಡುಗೋಲಿನದು, ಅಪವಾದವು ಕೈಗೆ. ಮಕ್ಕಳ ಆಟದ ಸಾಮಗ್ರಿಗೂ ಈ ಮಾತು ಸಲ್ಲುತ್ತದೆ. ಮರದ ಹಲಗೆಗೆ ಜಾಯ್‌ಸ್ಟಿಕ್ ಎಂಬ ಆಟದ ಹಿಡಿಕೋಲನ್ನು ಕೂರಿಸುವ ಕೆಲಸವನ್ನು ಈ ದೃಷ್ಟಿಯಿಂದ ನಾವು ಈ ಸಲ ವಿಚಾರಿಸೋಣ.

ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರಗಳಿಗೆ ಒಂದು ಕಾಲದಲ್ಲಿ ಜಪಾನು, ಅಮೆರಿಕ, ಯುರೋಪುಗಳಲ್ಲಿ ಬಹು ಮನ್ನಣೆಯಿತ್ತು. 1980ರ ಪ್ಯಾಕ್‌ಮ್ಯಾನ್, 1991ರ ಸ್ಟ್ರೀಟ್ ಫೈಟರ್ 2 ಅವುಗಳಲ್ಲಿ ಪ್ರಖ್ಯಾತವಾದವು. 1997ರಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ಎಂಬವರು ಮೇಮ್ ಎಂಬ ತಂತ್ರಾಂಶವನ್ನು ಹೊರತಂದರು. ಹಳೆಯ ಆ ಆಟಗಳು ಮನೆಯ ಕಂಪ್ಯೂಟರಿನಲ್ಲಿಯೇ ನಡೆಯುವಂತಾದವು. ಆದರೆ ಕೀಲಿಮಣೆಯಲ್ಲಿ ಆ ಹಿಡಿತದ ಸುಖವೆಲ್ಲಿ? ಆದ್ದರಿಂದ ಆ ದೇಶಗಳ ಹವ್ಯಾಸಿಗಳು ತಮ್ಮ ಮನೆಗಳಲ್ಲಿಯೇ ಮರ ಕೊಯ್ದು, ಕೋಲು ಮತ್ತು ಗುಂಡಿಗಳನ್ನು ಜೋಡಿಸಿ ಆಟದ ಹಲಗೆಗಳನ್ನು ಸಿದ್ಧಪಡಿಸತೊಡಗಿದರು.

ಹಿಡಿಕೋಲಿನ ರಚನೆ ಸರಳವಾದುದು. ಮೇಲೆ ಗುಂಡು, ನಡುವೆ ಉಕ್ಕಿನ ಕಂಬಿ, ಅದು ಓಲಾಡುವ ಕೀಲು, ಕೆಳಗೆ ನಾಲ್ಕು ದಿಕ್ಕಿಗೆ ನಾಲ್ಕು ಮೈಕ್ರೋಸ್ವಿಚ್‌ಗಳು. ಕೋಲನ್ನು ಬಲಕ್ಕೆ ವಾಲಿಸಿದರೆ ಕಂಬಿಯ ಕೆಳತುದಿ ಎಡಕ್ಕೆ ಸರಿದು ಅಲ್ಲಿರುವ ಸ್ವಿಚ್ಚನ್ನು ಒತ್ತುತ್ತದೆ.

ತೊಡಕು ಹಲಗೆಯ ದಪ್ಪದಲ್ಲಿದೆ. ಜಪಾನಿನ ಸಾನ್ವಾ ಮುಂತಾದವರ ಕೋಲುಗಳು ತೆಳುವಾದ ಲೋಹದ ತಗಡಿಗೆಂದು ರೂಪಿಸಲ್ಪಟ್ಟವು. ಮನೆಯಲ್ಲಿ ಬಳಸುವ ಎಂ.ಡಿ.ಎಫ್. ಅಥವಾ ಪ್ಲೈವುಡ್ ಹಲಗೆಯಾದರೋ ಸಾಮಾನ್ಯವಾಗಿ 18 ಮಿ.ಮೀ. ದಪ್ಪ. ಕೋಲನ್ನು ಅದರ ಅಡಿಗೆ ನೇರವಾಗಿ ಬಿಗಿದರೆ ಕಂಬಿಯ ಬಹುಭಾಗ ಮರದೊಳಗೇ ಹುದುಗಿ, ಕೈಗೆ ಸಿಗುವುದು ಗಿಡ್ಡ ತುಂಡು. ಕೀಲಿನಿಂದ ಮೇಲೆ ಹೋದಷ್ಟೂ ಕಂಬಿಯ ಓಲಾಟ ಹೆಚ್ಚು. ಆದಕಾರಣ ಮರ ದಪ್ಪವಿದ್ದಷ್ಟೂ ಅದು ರಂಧ್ರದ ಅಂಚಿಗೆ ತಗಲಿ ಪೂರ್ತಿ ವಾಲದೆ ನಿಲ್ಲುವ ಸಂಭವವುಂಟು.

ಇದಕ್ಕೆ ಪರಿಹಾರವಿರುವುದು ಹಲಗೆಯ ಅಡಿಭಾಗದಲ್ಲಿ. ರೌಟರ್ ಯಂತ್ರದಿಂದ ಅಲ್ಲಿ ಚೌಕಾಕಾರದ ತಗ್ಗು ಕೆತ್ತಿ, ಮೇಲೆ ಸುಮಾರು 6 ಮಿ.ಮೀ. ಮರವನ್ನು ಉಳಿಸಿಕೊಂಡು, ಕೋಲಿನ ತಳಫಲಕವನ್ನು ಆ ತಗ್ಗಿನಲ್ಲಿ ಕೂರಿಸಬೇಕು. ಅತಿಯಾಗಿ ಕೆತ್ತಿದರೆ ಹಲಗೆ ಬಿರಿಯುತ್ತದೆ, ಅಳುಕಿ ಬಿಟ್ಟರೆ ಕೋಲು ಗಿಡ್ಡವಾಗುತ್ತದೆ. ಕೆತ್ತಿದ ಮರವನ್ನು ಮರಳಿ ತುಂಬಲಾಗದು. ಆದ್ದರಿಂದ ಮೊದಲು ಅದೇ ದಪ್ಪದ ಚೂರು ಮರದ ಮೇಲೆ ಪ್ರಯೋಗ ಮಾಡುವುದು ವಿವೇಕ. ಉಳಿದ ತೆಳು ಮರದಲ್ಲಿ ತಿರುಪು ಮೊಳೆಗೆ ಹಿಡಿತವಿರದು, ಎಂ.ಡಿ.ಎಫ್. ಎಂಬುದು ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆಯಾದುದರಿಂದ ಬಿಚ್ಚಿ ಬಿಗಿದಂತೆಲ್ಲ ಪುಡಿಯಾಗುತ್ತದೆ. ಮೇಲಿನಿಂದ ಬೋಲ್ಟು ಇಳಿಸಿ ಕೆಳಗೆ ನಟ್ಟಿನಿಂದ ಬಿಗಿಯುವುದೇ ಭದ್ರ. ರಂಧ್ರ ಕೊರೆಯುವಾಗ ಹಲಗೆಯಡಿಗೆ ಹಳೆಯ ಮರವೊಂದನ್ನು ಒತ್ತಿಟ್ಟರೆ ಅಂಚು ಸಿಬಿರೇಳದು. ಆ ಹುಡಿ ಶ್ವಾಸಕ್ಕೆ ಹಾನಿಕರವಾದುದರಿಂದ ಮೂಗು ಬಾಯಿಗಳನ್ನು ಮುಚ್ಚಿಕೊಂಡೇ ಕೆಲಸ ಮಾಡತಕ್ಕದ್ದು.

ಇನ್ನು ದಿಕ್ಕಿನ ವಿಚಾರ. ನಾಲ್ವರು ಆಡುವ ಅಗಲವಾದ ಹಲಗೆಯಲ್ಲಿ ಅಂಚಿನ ಇಬ್ಬರು ಓರೆಯಾಗಿ ನಿಲ್ಲುತ್ತಾರೆ. ಅವರ ಅನುಕೂಲಕ್ಕೆಂದು ಕೋಲನ್ನೂ ಓರೆಯಾಗಿ ತಿರುಗಿಸಿ ಕೂರಿಸುವವರುಂಟು. ಆಟಗಾರನು ನಿಂತ ದಿಕ್ಕು ಯಂತ್ರಕ್ಕೆ ತಿಳಿಯದು. ಅದಕ್ಕೆ ಪರದೆಯ ದಿಕ್ಕೇ ದಿಕ್ಕು. ಕಣ್ಣು ಪರದೆಯಲ್ಲಿ ಮೇಲೆಂದು ಕಂಡುದನ್ನು ಕೈಯೂ ಮೇಲೆಂದೇ ಅರಿಯಬೇಕು. ಆದುದರಿಂದ ನಾಲ್ಕು ಕೋಲುಗಳನ್ನೂ ಪರದೆಗೆ ನೇರವಾಗಿಯೇ ಕೂರಿಸಬೇಕು.

ಪ್ಯಾಕ್‌ಮ್ಯಾನ್ ನಾಲ್ಕೇ ದಿಕ್ಕುಗಳ ಆಟ. ಎಂಟು ದಿಕ್ಕಿನ ಕೋಲಿನಿಂದ ಅದನ್ನು ಆಡಿದರೆ ಮೂಲೆಗೆ ವಾಲಿದಾಗ ಒಮ್ಮೆಲೇ ಎರಡು ಸ್ವಿಚ್ಚುಗಳು ಒತ್ತಲ್ಪಟ್ಟು, ತಿರುವು ತಪ್ಪಿಹೋಗುತ್ತದೆ. ಭೂತದ ಬಾಯಿಗೆ ಸಿಕ್ಕ ಮಗು "ನನಗೆ ಆಡಲು ಬರುವುದಿಲ್ಲ" ಎಂದು ಎದ್ದುಹೋಗುತ್ತದೆ. ಕೋಲಿನ ತಳದಲ್ಲಿ ಅದರ ಚಲನೆಗೆ ಎಲ್ಲೆ ಕಟ್ಟುವ ಪುಟ್ಟ ಚೌಕಟ್ಟೊಂದಿರುತ್ತದೆ. ಅನೇಕ ಕೋಲುಗಳಲ್ಲಿ ಇದನ್ನು ನಾಲ್ಕು ದಿಕ್ಕಿಗೆ ಹೊಂದುವಂತೆ ತಿರುಗಿಸಿಡಬಹುದು. ಅಷ್ಟು ಮಾಡಿದರೆ ಅದೇ ಮಗುವಿನ ಅದೇ ಕೈ ಸರಿಯಾಗಿ ಆಡುತ್ತದೆ.

ಹಲಗೆಯ ಮೇಲ್ಮೈಗೆ ಬಣ್ಣ, ಚಿತ್ರ, ಹೊಳಪುಗಳನ್ನು ಕೊಡುವುದರಲ್ಲಿ ಎಲ್ಲರಿಗೂ ಉತ್ಸಾಹ. ತಗ್ಗಿನ ಆಳ, ಬೋಲ್ಟಿನ ಬಿಗಿತ, ಚೌಕಟ್ಟಿನ ದಿಕ್ಕು ಇವೆಲ್ಲ ಅಡಿಯಲ್ಲಿ ಅಡಗಿದವು, ನೋಡಿ ಹೊಗಳುವವರಿಲ್ಲ. ಆದರೂ ಆಡುವ ಕೈಯ ಮಾನ ಉಳಿಯುವುದು ಅವುಗಳಿಂದಲೇ. ಮಕ್ಕಳಿಗೆ ಯಾವುದೇ ಸಾಧನವನ್ನು ಮಾಡಿಕೊಡುವ ಹಿರಿಯರು, ಕೂಸು ಸೋತು ಮುಖ ಬಾಡಿಸಿ ಕುಳಿತಾಗ, ಅದರ ಕೈಯನ್ನು ತಿದ್ದುವ ಮುನ್ನ ಹಲಗೆಯನ್ನೊಮ್ಮೆ ಮಗುಚಿ ನೋಡುವುದು ಲೇಸು.