ಸೋತ ಆಟವನ್ನು ಮತ್ತೆ ಹೂಡುವುದು

ಚದುರಂಗದ ಮಾತನ್ನು ಈ ಪುಟದಲ್ಲಿ ಎತ್ತಿಕೊಂಡರೆ ನಮ್ಮ ಹಿರಿಯ ಓದುಗರಲ್ಲಿ ಕೆಲವರಾದರೂ ಹುಬ್ಬು ಗಂಟಿಕ್ಕಬಹುದು. ಕಾಯಕ, ದಾಸೋಹ, ಶಿವಯೋಗಗಳ ಚಿಂತನೆ ನಡೆಯುವ ಪತ್ರಿಕೆಯಲ್ಲಿ ಆಟದ ಹಲಗೆಗೇನು ಕೆಲಸವೆಂದು ಅವರು ಕೇಳಿದರೆ ಅದು ತಕ್ಕ ಪ್ರಶ್ನೆಯೇ. ಹೊಲದ ಕೆಲಸವನ್ನೋ ಅಂಗಡಿಯ ಲೆಕ್ಕವನ್ನೋ ಬದಿಗೊತ್ತಿ ಕಟ್ಟೆಯ ಮೇಲೆ ಕುಳಿತು ಹೊತ್ತು ಕಳೆಯುವುದನ್ನು ನಾವು ಎಂದೂ ಸಮರ್ಥಿಸಲಾರೆವು. ಆದರೆ ದಿನದ ಕಾಯಕ ಮುಗಿದು, ಸಂಜೆಯ ಪೂಜೆಯಾಗಿ, ಪ್ರಸಾದ ಸ್ವೀಕರಿಸಿದ ಮೇಲೆ ಉಳಿಯುವ ಒಂದು ತಾಸಿನ ಮಾತು ಬೇರೆ. ಆ ತಾಸಿನಲ್ಲಿ ಮನೆಯ ಇಬ್ಬರು ಎದುರುಬದುರು ಕುಳಿತುಕೊಳ್ಳುವ ಸಂದರ್ಭಗಳು ಈಗ ಎಷ್ಟು ಉಳಿದಿವೆ ಎಂಬುದನ್ನು ಓದುಗರೇ ಎಣಿಸಿ ನೋಡಲಿ.

ಪಗಡೆಯಲ್ಲಿ ಸೋತವನು ದಾಳವನ್ನು ಬಯ್ಯಬಹುದು. ಇಸ್ಪೀಟಿನಲ್ಲಿ ಸೋತವನು ಒಳ್ಳೆಯ ಎಲೆ ಬೀಳಲಿಲ್ಲವೆನ್ನಬಹುದು. ಚದುರಂಗದಲ್ಲಿ ಇಬ್ಬರ ಮುಂದೆಯೂ ಹದಿನಾರು ಹದಿನಾರು ಕಾಯಿಗಳು. ಎಲ್ಲವೂ ಇಬ್ಬರ ಕಣ್ಣೆದುರೇ, ಬಚ್ಚಿಟ್ಟದ್ದು ಯಾವುದೂ ಇಲ್ಲ. ಸೋಲಿಗೆ ಕಾರಣವನ್ನು ಹುಡುಕಹೊರಟವನು ಎಲ್ಲೆಲ್ಲಿ ಸುತ್ತಿದರೂ ಕೊನೆಗೆ ತನ್ನ ಬಳಿಗೇ ಬಂದು ನಿಲ್ಲಬೇಕಾಗುತ್ತದೆ. ಈ ಆಟದ ಕಹಿಯೂ ಅದೇ, ರುಚಿಯೂ ಅದೇ.

ಇದು ಹೊರಗಿನಿಂದ ಬಂದ ಆಟವೆಂದು ಭಾವಿಸುವವರೂ ಉಂಟು. ಹಾಗಲ್ಲ. ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನು 1126ರಿಂದ 1138ರವರೆಗೆ ಆಳಿದವನು. ಅವನ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವು ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಾಗಿದ್ದು, ಕ್ರೀಡೆಗಳಿಗಾಗಿಯೇ ಮೀಸಲಾದ ಕೊನೆಯ ವಿಂಶತಿಯಲ್ಲಿ ಚದುರಂಗದ ವಿವರಣೆಯಿದೆ. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿ ಕಲ್ಯಾಣಕ್ಕೆ ಬರುವ ಮೊದಲೇ ಆ ಅರಮನೆಯಲ್ಲಿ ಈ ಆಟದ ವಿಚಾರ ಗ್ರಂಥಸ್ಥವಾಗಿತ್ತೆಂದಾಯಿತು. ಶರಣರು ಚದುರಂಗವಾಡಿದರೆಂದು ನಾವು ಹೇಳುತ್ತಿಲ್ಲ. ಅವರಿಗೆ ಬೇರೆ ಕೆಲಸವಿತ್ತು. ಕಲ್ಯಾಣದ ಗಾಳಿಗೆ ಈ ಆಟ ಅಪರಿಚಿತವಲ್ಲವೆಂದಷ್ಟೇ ನಮ್ಮ ಮಾತು.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ವಿಷಯ ಇನ್ನೂ ಸ್ವಾರಸ್ಯವಾದುದು. 1831ರಲ್ಲಿ ಆಡಳಿತವು ಬ್ರಿಟಿಷರ ಕೈಗೆ ಹೋದ ಮೇಲೂ ಅವರು 1868ರವರೆಗೆ ಬದುಕಿದ್ದರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ‘ಕೌತುಕನಿಧಿ’ ಆಟಗಳ ಭಂಡಾರ. ಚದುರಂಗದ ಕುದುರೆಯನ್ನು 64 ಮನೆಗಳಲ್ಲಿಯೂ, ಮುಟ್ಟಿದ ಮನೆಯನ್ನು ಮತ್ತೆ ಮುಟ್ಟದಂತೆ ಓಡಿಸುವ ಚಮತ್ಕಾರದಲ್ಲಿ ಅವರಿಗೆ ವಿಶೇಷ ಆಸಕ್ತಿಯಿತ್ತು. ಎದುರಾಳಿ ಸಿಕ್ಕದ ದಿನ ಕಾಗದ, ಸೀಸಕಡ್ಡಿ ಹಿಡಿದು ಒಬ್ಬರೇ ಕುಳಿತು ಇದನ್ನು ಪ್ರಯತ್ನಿಸಬಹುದು. ಮೂಲೆಯ ಮನೆಯಲ್ಲಿರುವ ಕುದುರೆಗೆ ಎರಡೇ ದಾರಿ, ನಡುಮನೆಗಳಲ್ಲಿ ನಿಂತದ್ದಕ್ಕೆ ಎಂಟು. ಮುಂದೆ ಅತಿ ಕಡಮೆ ದಾರಿಗಳಿರುವ ಮನೆಗೇ ಮೊದಲು ಹೋಗಬೇಕೆಂಬ ಸೂತ್ರವನ್ನು 1823ರಲ್ಲಿ ಜರ್ಮನಿಯ ವಾರ್ನ್ಸ್‌ಡಾರ್ಫ್ ಎಂಬವರು ಪ್ರಕಟಿಸಿದರು. ಈ ಸೂತ್ರ ಹಿಡಿದು ಹೊರಟರೆ ಹತ್ತು ವರ್ಷದ ಮಗುವೂ ಬಹುಮಟ್ಟಿಗೆ ದಡ ಮುಟ್ಟುತ್ತದೆ. ಸೂತ್ರವನ್ನು ಮೊದಲೇ ಹೇಳಿಕೊಡದೆ ಎರಡು ದಿನ ತಾನೇ ತಡಕಾಡಲು ಬಿಟ್ಟರೆ ಅದರ ಸಂತೋಷ ಇಮ್ಮಡಿಯಾಗುತ್ತದೆ.

ಇನ್ನು ಆಟದ ಸುಧಾರಣೆಯ ವಿಚಾರ. ‘ವಯಸ್ಸು ಐವತ್ತು ದಾಟಿತು, ಇನ್ನು ನಮಗೆ ಆಟ ಏರುವುದುಂಟೇ?’ ಎಂದು ಕೇಳುವವರನ್ನು ನಾವು ಮೇಲಿಂದ ಮೇಲೆ ಕಾಣುತ್ತೇವೆ. ದೊಡ್ಡ ಆಟಗಾರರು ಇಪ್ಪತ್ತು ನಡೆ ಮುಂದಕ್ಕೆ ಕಾಣುತ್ತಾರೆ, ನಮ್ಮ ಬುದ್ಧಿಗೆ ಅದು ನಿಲುಕದು ಎಂಬುದು ಅವರ ಅಳಲು. ಈ ತಿಳಿವಳಿಕೆಯೇ ಅಷ್ಟು ಸರಿಯಲ್ಲ. ಹಾಲೆಂಡಿನ ಮನಶ್ಶಾಸ್ತ್ರಜ್ಞ ಡಿ ಗ್ರೂಟ್ ಅವರು 1946ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಗ್ರಶ್ರೇಣಿಯವರು ಸಾಮಾನ್ಯ ನಿಪುಣರಿಗಿಂತ ಹೆಚ್ಚು ಆಳಕ್ಕೇನೂ ಲೆಕ್ಕ ಹಾಕುತ್ತಿರಲಿಲ್ಲವೆಂಬುದು ಕಂಡುಬಂದಿತು. 1973ರಲ್ಲಿ ಅಮೆರಿಕದ ಚೇಸ್ ಮತ್ತು ಸೈಮನ್ ಎಂಬಿಬ್ಬರು ಇನ್ನೊಂದು ಪರೀಕ್ಷೆ ನಡೆಸಿದರು. ನಿಜವಾದ ಆಟವೊಂದರ ಸ್ಥಿತಿಯನ್ನು ಐದು ಸೆಕೆಂಡು ತೋರಿಸಿ ಮುಚ್ಚಿದಾಗ, ನಿಪುಣನು ಬಹುಪಾಲು ಕಾಯಿಗಳನ್ನು ನೆನಪಿನಿಂದ ಜೋಡಿಸಿದನು, ಹೊಸಬನು ನಾಲ್ಕಾರನ್ನು ಮಾತ್ರ. ಆದರೆ ಕಾಯಿಗಳನ್ನು ಮನಬಂದಂತೆ ಚೆಲ್ಲಿ ತೋರಿಸಿದಾಗ ನಿಪುಣನೂ ಹೊಸಬನಂತೆಯೇ ತಡವರಿಸಿದನು. ಎಂದರೆ ಅವನದು ಅಲೌಕಿಕ ಜ್ಞಾಪಕಶಕ್ತಿಯಲ್ಲ. ಸಾವಿರಾರು ಆಟಗಳನ್ನು ಕಂಡು ಕಂಡು ಬಂದ ಪರಿಚಯ. ಅಕ್ಷರ ಬಲ್ಲವನು ‘ಶರಣಾರ್ಥಿ’ ಎಂಬುದನ್ನು ಬಿಡಿ ಬಿಡಿಯಾಗಿ ಕೂಡಿಸದೆ ಒಂದೇ ನೋಟಕ್ಕೆ ಓದುವಂತೆ ಅವನು ಹಲಗೆಯನ್ನು ಓದುತ್ತಾನೆ. ಪರಿಚಯವನ್ನು ಬೆಳೆಸಿಕೊಳ್ಳಲು ವಯಸ್ಸು ಅಡ್ಡಿಯೇ? ವೇಗ ಕುಂದೀತು, ಅಷ್ಟೆ. ಮೈಸೂರಿನ ಎಂ.ಎಸ್. ತೇಜಕುಮಾರ್ ಅವರು ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದದ್ದು 2017ರಲ್ಲಿ, ಮೂವತ್ತೈದು ದಾಟಿದ ಮೇಲೆ. ಹನ್ನೆರಡು ಹದಿಮೂರು ವರ್ಷದ ಬಾಲಕರು ಆ ಪದವಿ ಪಡೆಯುತ್ತಿರುವ ಕಾಲದಲ್ಲಿ ಇದನ್ನು ನಾವು ನೆನೆಯಬೇಕು.

ಪರಿಚಯ ಬೆಳೆಯುವ ಬಗೆ ಯಾವುದು? ನಮ್ಮ ದೃಷ್ಟಿಯಲ್ಲಿ ಹತ್ತು ಹೊಸ ಆಟಗಳಿಗಿಂತ ಸೋತ ಒಂದು ಆಟವನ್ನು ಮತ್ತೆ ಹೂಡುವುದು ಮೇಲು. ಅದಕ್ಕಾಗಿ ಆಡುವಾಗಲೇ ನಡೆಗಳನ್ನು ಬರೆದಿಡಬೇಕು. ನೀಳ ಅವಧಿಯ ಪಂದ್ಯಗಳಲ್ಲಿ ಇದು ಕಡ್ಡಾಯ. ಮನೆಯಲ್ಲಿಯೂ ಒಂದು ನೋಟುಪುಸ್ತಕವಿಟ್ಟರೆ ನಷ್ಟವಿಲ್ಲ. ಮರುದಿನ, ಸೋಲಿನ ಬಿಸಿ ಆರಿದ ಮೇಲೆ, ಮೊದಲಿನಿಂದ ಕಾಯಿ ನಡೆಸುತ್ತ ಬಂದು ಆಟ ಕೈಜಾರಿದ ಜಾಗವನ್ನು ಗುರುತಿಸಬೇಕು. ಆ ಘಳಿಗೆಯಲ್ಲಿ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಒಂದೇ ಸಾಲಿನಲ್ಲಿ ಬರೆಯಬೇಕು: ‘ಗೆದ್ದೇಬಿಟ್ಟೆನೆಂಬ ಅವಸರ’, ‘ಕುದುರೆ ಹೋದ ಸಿಟ್ಟು’, ‘ಎದುರಾಳಿಯ ನಡೆಯನ್ನು ನೋಡಲೇ ಇಲ್ಲ’. ಇಂತಹ ಹತ್ತು ಸಾಲುಗಳು ಕೂಡಿದಾಗ ಅವುಗಳಲ್ಲಿ ಆರೇಳು ಒಂದೇ ಬಗೆಯವಾಗಿರುವುದು ಸಾಮಾನ್ಯ. ದಾರಿ ತಪ್ಪಿಸುತ್ತಿದ್ದುದು ಚದುರಂಗದ ಅಜ್ಞಾನವಲ್ಲ, ತನ್ನದೇ ಸ್ವಭಾವ ಎಂಬುದು ಆಗ ಗೊತ್ತಾಗುತ್ತದೆ. ಅವಸರದವನು ಎಷ್ಟು ಗ್ರಂಥಗಳನ್ನು ಓದಿದರೂ ಅವಸರದಲ್ಲಿಯೇ ಸೋಲುತ್ತಾನೆ.

ಈಗ ಗಣಕಯಂತ್ರವಿದೆಯಲ್ಲ, ಅದನ್ನೇ ಕೇಳಬಾರದೇ ಎನ್ನಬಹುದು. 1997ರಲ್ಲಿ ‘ಡೀಪ್ ಬ್ಲೂ’ ಯಂತ್ರವು ಕಾಸ್ಪರೋವ್ ಅವರನ್ನು ಸೋಲಿಸಿತು. ಇಂದು ಕಿಸೆಯಲ್ಲಿರುವ ಫೋನೇ ಅದಕ್ಕಿಂತ ಬಲವಾಗಿ ಆಡುತ್ತದೆ. ಕೇಳಬೇಕು, ಆದರೆ ಕೊನೆಗೆ ಕೇಳಬೇಕು. ಸರಿಯಾದ ನಡೆ ಯಾವುದೆಂದು ಯಂತ್ರ ಕ್ಷಣದಲ್ಲಿ ಹೇಳೀತು. ನಾವು ಏಕೆ ತಪ್ಪು ನಡೆ ಇಟ್ಟೆವೆಂಬುದು ಅದಕ್ಕೆ ತಿಳಿಯದು. ಉತ್ತರವನ್ನು ಮೊದಲೇ ನೋಡಿ ಲೆಕ್ಕ ಮಾಡುವ ವಿದ್ಯಾರ್ಥಿಗೆ ಲೆಕ್ಕ ಬರುವುದಿಲ್ಲ.

ತಪ್ಪು ಎಂತಹವರಿಗೂ ಬಿಟ್ಟದ್ದಲ್ಲ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ವಿಶ್ವ ಚಾಂಪಿಯನ್ ಪದವಿಯ ಹದಿನಾಲ್ಕನೆಯ ಆಟ. ಚೀನದ ಡಿಂಗ್ ಲಿರೆನ್, ನಮ್ಮ ಗುಕೇಶ್ ಇಬ್ಬರೂ ಆರೂವರೆ ಅಂಕಗಳಲ್ಲಿ ಸಮನಾಗಿದ್ದರು. ಗುಕೇಶರಿಗೆ ಒಂದು ಪದಾತಿ ಹೆಚ್ಚಿದ್ದರೂ ಆಟ ಸಮವಾಗಿ ಮುಗಿಯುವಂತಿತ್ತು. ಆಗ 55ನೆಯ ನಡೆಯಲ್ಲಿ ಡಿಂಗ್ ಅವರು ಆನೆಯನ್ನು ಆನೆಯ ಎದುರಿಗಿಟ್ಟು ಹೊಡೆದಾಟಕ್ಕೆ ಕರೆದರು. ಆನೆಗಳು ಹೋದವು, ಮೂಲೆಯಲ್ಲಿದ್ದ ಅವರ ಒಂಟೆಯೂ ಎದುರಾಳಿಯ ಒಂಟೆಗೆ ಬದಲಾಗಿ ಹೋಗಬೇಕಾದ ಸಂದಿಗ್ಧ ಬಂದಿತು. ಉಳಿಯುವುದು ರಾಜರು, ಪದಾತಿಗಳು, ಮತ್ತು ಆ ಒಂದು ಹೆಚ್ಚಿನ ಪದಾತಿ. ಡಿಂಗ್ ಕೈಚೆಲ್ಲಿದರು, ಹದಿನೆಂಟರ ಗುಕೇಶ್ ವಿಶ್ವ ಚಾಂಪಿಯನ್ ಆದರು. ಗೆದ್ದ ಹುಡುಗ ಕಣ್ಣೀರಿಡುತ್ತ ಕಾಯಿಗಳನ್ನು ಮತ್ತೆ ಸಾಲಾಗಿ ಜೋಡಿಸಿಟ್ಟದ್ದನ್ನು ಲೋಕವೇ ನೋಡಿತು.

ಆ ಕೊನೆಯ ಸ್ಥಿತಿಯನ್ನು ನೋಡಿದಾಗಲೆಲ್ಲ ಕ್ಯೂಬಾದ ಕಾಪಾಬ್ಲಾಂಕಾ ನೆನಪಾಗುತ್ತಾರೆ. 1921ರಿಂದ 1927ರವರೆಗೆ ವಿಶ್ವ ಚಾಂಪಿಯನ್ ಆಗಿದ್ದ ಅವರು, ಆಟವನ್ನು ಕೊನೆಯಿಂದ ಕಲಿಯಬೇಕೆಂದು ಬೋಧಿಸಿದವರು. ನಮ್ಮವರು ಮಾಡುವುದು ಇದಕ್ಕೆ ತಿರುಗಾಮುರುಗಾ: ಆರಂಭದ ಹದಿನೈದು ನಡೆಗಳನ್ನು ಬಾಯಿಪಾಠ ಮಾಡುತ್ತಾರೆ, ಎದುರಾಳಿ ಮೂರನೆಯ ನಡೆಯಲ್ಲೇ ಬೇರೆ ದಾರಿ ಹಿಡಿದರೆ ಕಂಗಾಲಾಗುತ್ತಾರೆ. ಅದರ ಬದಲು ಒಂದು ಸಂಜೆ ಹಲಗೆಯ ಮೇಲೆ ಒಂದು ಪದಾತಿಯನ್ನೂ ಎದುರಾಳಿಯ ರಾಜನನ್ನೂ ಮಾತ್ರ ಇಟ್ಟುಕೊಳ್ಳಿ. ಮಂತ್ರಿಯಾಗಲು ಓಡುವ ಪದಾತಿಯನ್ನು ರಾಜ ಹಿಡಿಯಬಲ್ಲನೇ ಎಂದು ತಿಳಿಯಲು ನಡೆ ಎಣಿಸಬೇಕಿಲ್ಲ. ಪದಾತಿ ನಿಂತ ಮನೆಯಿಂದ ಕೊನೆಯ ಸಾಲಿನವರೆಗೆ ಎಷ್ಟು ಮನೆಗಳೋ ಅಷ್ಟೇ ಮನೆಗಳನ್ನು ರಾಜನಿರುವ ಪಕ್ಕಕ್ಕೂ ಎಣಿಸಿ ಒಂದು ಚೌಕವನ್ನು ಕಲ್ಪಿಸಿಕೊಳ್ಳಿ. ತನ್ನ ಸರದಿಯಲ್ಲಿ ರಾಜನು ಆ ಚೌಕದೊಳಗೆ ಕಾಲಿಟ್ಟನೋ, ಪದಾತಿ ಸಿಕ್ಕಿತು, ಇಲ್ಲವಾದರೆ ಇಲ್ಲ. ಇನ್ನೂ ನಡೆಯದ ಪದಾತಿಗೆ ಎರಡು ಮನೆ ಹಾರುವ ಹಕ್ಕಿರುವುದರಿಂದ ಅದನ್ನು ಒಂದು ಮನೆ ಮುಂದಿದೆಯೆಂದೇ ಎಣಿಸಬೇಕು. ಕಾಲು ತಾಸಿನಲ್ಲಿ ಕಲಿತ ಈ ಒಂದು ಸಂಗತಿ ಬದುಕಿರುವತನಕ ಕೈಬಿಡುವುದಿಲ್ಲ.

ಅಂಕದ ಹುಚ್ಚಿನ ಬಗ್ಗೆಯೂ ಎರಡು ಮಾತು ಆಡಲೇಬೇಕು. ವಿಶ್ವ ಚದುರಂಗ ಒಕ್ಕೂಟವು 1970ರಿಂದ ಅನುಸರಿಸುತ್ತಿರುವ ಈಲೋ ಅಂಕಪದ್ಧತಿ ಕೇವಲ ಒಂದು ಅಂದಾಜು. ಇಬ್ಬರ ನಡುವೆ 200 ಅಂಕಗಳ ಅಂತರವಿದ್ದರೆ ಬಲಶಾಲಿಯು ನೂರರಲ್ಲಿ 76ರಷ್ಟು ಫಲ ಪಡೆಯಬಹುದೆಂದು ಅದು ಹೇಳುತ್ತದೆ. ಉಳಿದ 24 ದುರ್ಬಲನದೇ. ಆದರೂ ಮಗುವಿನ ಅಂಕ ಹತ್ತು ಇಳಿದರೆ ಪಂದ್ಯದ ಅಂಗಳದಲ್ಲಿಯೇ ಅದನ್ನು ಗದರಿಸುವ ತಂದೆತಾಯಿಗಳಿದ್ದಾರೆ. ಅಂತಹ ಮಗು ಸೋತ ಆಟವನ್ನು ಮತ್ತೆ ಹೂಡುವುದಿಲ್ಲ, ಬಚ್ಚಿಡುತ್ತದೆ. ಅಲ್ಲಿಗೆ ಕಲಿಕೆಯೂ ನಿಂತಿತು, ಖುಷಿಯೂ ಹೋಯಿತು. ಫೋನಿನಲ್ಲಿ ಮೂರು ಮೂರು ನಿಮಿಷಗಳ ಆಟವನ್ನು ನಡುರಾತ್ರಿಯವರೆಗೆ ಆಡುವ ದೊಡ್ಡವರ ಕಥೆಯೂ ಇದಕ್ಕಿಂತ ಉತ್ತಮವೇನಲ್ಲ. ಅದು ಚುರುಮುರಿ ತಿಂದ ಹಾಗೆ: ಕೈ ನಿಲ್ಲದು, ಹೊಟ್ಟೆ ತುಂಬದು.

ಹೆಣ್ಣುಮಕ್ಕಳಿಗೆ ಈ ಹಲಗೆ ಇನ್ನೂ ಎಷ್ಟೋ ಮನೆಗಳಲ್ಲಿ ದೂರವೇ ಇದೆ. ಅನುಭವ ಮಂಟಪದಲ್ಲಿ ಅಕ್ಕನಿಗೆ ಆಸನವಿತ್ತೆಂದು ಹೆಮ್ಮೆಪಡುವ ನಾವು, ಮಾವ ಮೈದುನರು ಆಡುವಾಗ ಸೊಸೆಯನ್ನು ಚಹಾ ತರಲು ಮಾತ್ರ ಕರೆಯುವುದು ಶೋಭಿಸುವುದಿಲ್ಲ. ಕೋನೇರು ಹಂಪಿಯವರು 2017ರಲ್ಲಿ ತಾಯಿಯಾಗಿ, ಕೆಲಕಾಲ ಆಟದಿಂದ ದೂರವಿದ್ದು, ಮರಳಿ ಬಂದು 2019ರಲ್ಲಿಯೂ 2024ರಲ್ಲಿಯೂ ಮಹಿಳೆಯರ ವಿಶ್ವ ರ‍್ಯಾಪಿಡ್ ಚಾಂಪಿಯನ್ ಆದರು. ದ್ರೋಣವಲ್ಲಿ ಹಾರಿಕಾ ಅವರು 2022ರ ಚೆನ್ನೈ ಒಲಿಂಪಿಯಾಡಿನಲ್ಲಿ ತುಂಬುಗರ್ಭಿಣಿಯಾಗಿದ್ದೇ ದೇಶಕ್ಕಾಗಿ ಆಡಿದರು. ತಂಡವು ಕಂಚು ಗೆದ್ದಿತು.

ನಮ್ಮನ್ನು ಬಹಳವಾಗಿ ಕಾಡುವ ವಿಷಯ ಇನ್ನೊಂದಿದೆ. ಮೊಮ್ಮಗನಿಗೆ ಕಾಯಿ ನಡೆಸುವುದನ್ನು ಕಲಿಸಿದವರು ಅಜ್ಜ. ಅಜ್ಜನದು ಹಳೆಯ ಪದ್ಧತಿ, ಪದಾತಿ ಒಂದೇ ಮನೆ ನಡೆಯುವಂತಹುದು. ಹುಡುಗ ತರಬೇತಿಗೆ ಹೋದ, ವರ್ಷದೊಳಗೆ ಅಜ್ಜನನ್ನು ಮೀರಿಸಿದ. ಅಜ್ಜ ನಾಲ್ಕು ಬಾರಿ ಸೋತು, ‘ಕಣ್ಣು ಮಂಜಾಗುತ್ತದಪ್ಪ’ ಎಂದು ನೆಪ ಹೇಳಿ ಎದ್ದರು. ಹಲಗೆ ಅಟ್ಟ ಸೇರಿತು. ಇಂತಹ ಮನೆಗಳನ್ನು ನಾವು ಒಂದೆರಡಲ್ಲ, ಹಲವು ಕಂಡಿದ್ದೇವೆ. ಹುಡುಗನಿಗೆ ಬೇರೆ ಎದುರಾಳಿಗಳು ಸಿಗುತ್ತಾರೆ. ಅಜ್ಜನಿಗೆ ಮೊಮ್ಮಗ ಮತ್ತೆ ಎದುರು ಕೂರುವ ಇನ್ನೊಂದು ನೆವ ಸಿಗುವುದು ಕಷ್ಟ.

ಇದಕ್ಕೆ ಹಿಂದಿನವರು ಒಂದು ಉಪಾಯ ಕಂಡುಕೊಂಡಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪು, ಅಮೆರಿಕಗಳ ಮಹಾ ಆಟಗಾರರು ಹವ್ಯಾಸಿಗಳೊಡನೆ ಆಡುವಾಗ ತಮ್ಮ ಒಂದು ಕಾಯಿಯನ್ನು ಮೊದಲೇ ತೆಗೆದಿಟ್ಟು ಕೂರುತ್ತಿದ್ದರು. ಪಾಲ್ ಮಾರ್ಫಿಯವರು ಆನೆಯನ್ನೋ ಕುದುರೆಯನ್ನೋ ಬಿಟ್ಟುಕೊಟ್ಟು ಆಡಿದ ಆಟಗಳು ಇಂದಿಗೂ ಉಳಿದಿವೆ. ಇದರಲ್ಲಿ ಯಾರಿಗೂ ಅವಮಾನವಿರಲಿಲ್ಲ, ಅದು ಅಂದಿನ ಮರ್ಯಾದೆಯೇ ಆಗಿತ್ತು. ಮನೆಯಲ್ಲಿಯೂ ಹೀಗೆಯೇ ಮಾಡಬಹುದು. ಮೊಮ್ಮಗ ತನ್ನ ಮಂತ್ರಿಯ ಪಕ್ಕದ ಆನೆಯನ್ನು ತೆಗೆದಿಟ್ಟು ಕೂರಲಿ. ಹಾಗೆ ಬೇಡವೆಂದರೆ ಗಡಿಯಾರದಲ್ಲಿ ತನಗೆ ಐದು ನಿಮಿಷ, ಅಜ್ಜನಿಗೆ ಅರ್ಧ ತಾಸು ಇಟ್ಟುಕೊಳ್ಳಲಿ. ವಾರಕ್ಕೊಂದು ಆಟ ಅಜ್ಜನ ಹಳೆಯ ಪದ್ಧತಿಯಲ್ಲಿಯೇ ನಡೆಯಲಿ. ಹುಡುಗ ಬಾಯಿಪಾಠ ಮಾಡಿದ ಆರಂಭದ ನಡೆಗಳೆಲ್ಲ ಅಲ್ಲಿ ನಿಷ್ಪ್ರಯೋಜಕ. ಆನೆಯಿಲ್ಲದೆ ಗೆಲ್ಲಬೇಕಾದ ಹುಡುಗನಿಗೆ ನಿಜವಾದ ಯೋಚನೆ ಮಾಡಬೇಕಾಗುತ್ತದೆ, ಅಜ್ಜನಿಗೂ ಗೆಲ್ಲುವ ದಾರಿ ತೆರೆಯುತ್ತದೆ. ಅಜ್ಜ ಸಾಲಾಗಿ ಮೂರು ಆಟ ಗೆದ್ದರೆ ಮೊಮ್ಮಗ ಆನೆಯನ್ನು ಹಲಗೆಗೆ ಮರಳಿಸಿ, ಅದರ ಬದಲು ಕುದುರೆಯೊಂದನ್ನು ಕೆಳಗಿಡಬಹುದು.